ಡೊಮೇನ್ ಹೆಸರು ಬರೆದರೆ ಸೈಟ್ ನೇರ ತೆರೆಯಬೇಕು: ಯಾವ ದಾರಿ ಯಾರಿಗೆ?

ಬೇಳೆ ಪ್ಯಾಕೆಟ್ ಮೇಲೆ ಬೇಳೆಅಂಗಡಿ.ಇನ್ ಅಂತ ಅಚ್ಚಾಗಿದೆ ಅಂದುಕೊಳ್ಳಿ. ಗಿರಾಕಿ ಫೋನಿನಲ್ಲಿ ಅಷ್ಟನ್ನೇ ಬರೆಯುತ್ತಾನೆ. ಬರುವುದು ಹೋಸ್ಟಿಂಗ್ (ಸೈಟ್ ಇಡಲು ಜಾಗ ಬಾಡಿಗೆಗೆ ಕೊಡುವ) ಕಂಪನಿಯ ಸ್ವಾಗತ ಪುಟ, ಇಲ್ಲವೇ ಬರೀ ಫೋಲ್ಡರ್‌ಗಳ ಪಟ್ಟಿ. ನಿಜವಾದ ಸೈಟ್ ಇರುವುದು ಬೇಳೆಅಂಗಡಿ.ಇನ್/ಹೊಸದು ಅನ್ನುವ ವಿಳಾಸದಲ್ಲಿ. ಅದು ಗಿರಾಕಿಗೆ ಹೇಗೆ ಗೊತ್ತಾಗಬೇಕು?

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಸರಕಿಗೆ ಕೊಡುವ ಕಾನೂನಿನ ಗುರುತು, ಸಿಕ್ಕಿದೆ. ಬೀದರಿನ ಬಿದರಿ ಕೆಲಸಕ್ಕೆ ಅದಕ್ಕೂ ಮೊದಲೇ ಸಿಕ್ಕಿತ್ತು. ಇಂಥ ಸರಕನ್ನು ಹೊರ ಊರಿಗೆ ಮಾರುವವರಿಗೆ ಸ್ವಂತ ಸೈಟ್ ಇದ್ದರೆ ಒಳ್ಳೆಯದು, ಅದರ ವಿಳಾಸ ಬಾಯಲ್ಲಿ ಹೇಳುವಷ್ಟು ಚಿಕ್ಕದಾಗಿರಬೇಕು. ಗಂಜಿನ ವ್ಯಾಪಾರಿಯೊಬ್ಬರು ನನ್ನನ್ನು ಕೇಳಿದ್ದು ಸರಿಯಾಗಿಯೇ ಇತ್ತು: "ಇಷ್ಟುದ್ದ ಹೆಸರು ಫೋನಿನ್ಯಾಗ ಹೆಂಗ ಹೇಳ್ಬೇಕ್ರೀ ಸರ್? ಓರೆ ಗೆರಿ ಅಂದ್ರ ಯಾರಿಗಿ ತಿಳೀತದ?"

ಈ ತೊಂದರೆ ಬರುವುದು ಹೀಗೆ. ಸೈಟ್ ಮಾಡಿಕೊಡುವ ಹುಡುಗ ಮೊದಲು ಒಂದು ಫೋಲ್ಡರ್‌ನಲ್ಲಿ ಪರೀಕ್ಷೆ ಮಾಡುತ್ತಾನೆ. ಅಥವಾ ಒಂದೇ ಕ್ಲಿಕ್ಕಿನಲ್ಲಿ ವರ್ಡ್‌ಪ್ರೆಸ್ (ಸೈಟ್ ಕಟ್ಟುವ ತಂತ್ರಾಂಶ) ಹಾಕುವ ಸಾಧನ ತಾನೇ ಒಂದು ಫೋಲ್ಡರ್ ಹೆಸರು ತುಂಬಿರುತ್ತದೆ, ಅದನ್ನು ಅಳಿಸದೆ ಮುಂದೆ ಹೋಗಿರುತ್ತಾನೆ. ಸೈಟ್ ಅಲ್ಲೇ ಬೆಳೆದುಬಿಡುತ್ತದೆ. ಆಮೇಲೆ ಆ ಹುಡುಗ ಕೆಲಸ ಸಿಕ್ಕು ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತಾನೆ. ನಮ್ಮ ಕಡೆ ಇದು ಸಾಮಾನ್ಯ, ಅದರಲ್ಲಿ ತಪ್ಪೇನೂ ಇಲ್ಲ. ಆದ್ದರಿಂದ ದಾರಿ ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ "ಯಾವುದು ಬೇಗ ಆಗುತ್ತದೆ" ಅನ್ನುವುದಲ್ಲ. "ನಾಳೆ ಬೇರೆಯವರು ಬಂದು ನೋಡಿದರೆ ಏನು ಮಾಡಿದ್ದಾರೆಂದು ತಿಳಿಯುತ್ತದೆಯೇ" ಅನ್ನುವುದು.

ಮೊದಲು ತಪ್ಪು ಎಲ್ಲಿದೆ ನೋಡಿ

ಡೊಮೇನ್ ಸರಿಯಾದ ಸರ್ವರ್‌ಗೆ ತಲುಪುತ್ತಿದೆಯೇ? ತಲುಪಿದ ಮೇಲೆ ಸರ್ವರ್ ಸರಿಯಾದ ಫೋಲ್ಡರ್ ತೆರೆಯುತ್ತಿದೆಯೇ? ಈ ಎರಡನ್ನು ಬೇರೆ ಬೇರೆ ಮಾಡಿ ನೋಡದಿದ್ದರೆ ದಿನವಿಡೀ ಸುಮ್ನೆ ಒದ್ದಾಡಬೇಕಾಗುತ್ತದೆ.

ಪರೀಕ್ಷೆ ಸುಲಭ. ಫೋಲ್ಡರ್ ಹೆಸರಿನ ಸಮೇತ ಬರೆದಾಗ ಸೈಟ್ ತೆರೆದರೆ ಡಿಎನ್‌ಎಸ್ (ಡೊಮೇನ್ ಹೆಸರಿನಿಂದ ಸರ್ವರ್‌ನ ಐಪಿ ವಿಳಾಸ ಹೇಳುವ ವ್ಯವಸ್ಥೆ) ಸರಿ ಇದೆ, ಕೆಲಸ ಸರ್ವರ್‌ನಲ್ಲಿದೆ. ಏನು ಬರೆದರೂ ತೆರೆಯದಿದ್ದರೆ, ಅಥವಾ ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಹಾಕಿದರೆ ಮಾತ್ರ ತೆರೆದರೆ, ಮೊದಲು ಡಿಎನ್‌ಎಸ್ ನೋಡಿ. ನಿಮ್ಮದಲ್ಲದ ಇನ್ನಾರದೋ ಸೈಟ್ ತೆರೆದರೆ ಸರ್ವರ್‌ಗೆ ನಿಮ್ಮ ಡೊಮೇನ್ ಹೆಸರೇ ಗೊತ್ತಿಲ್ಲ ಎಂದರ್ಥ. ಸೈಟ್ ತೋರಿಸುವ ಸರ್ವರ್ ತಂತ್ರಾಂಶ ಅಪಾಚೆ ಆಗಲಿ ಎಂಜಿನ್‌ಎಕ್ಸ್ ಆಗಲಿ, ಹೆಸರು ಎಲ್ಲಿಯೂ ಹೊಂದದಿದ್ದರೆ ಪಟ್ಟಿಯಲ್ಲಿ ಮೊದಲು ಸಿಕ್ಕ ಸೈಟನ್ನೇ ತೋರಿಸುತ್ತವೆ. ಎಂಜಿನ್‌ಎಕ್ಸ್‌ನಲ್ಲಿ ಯಾವುದು ಮೂಲ ಸೈಟ್ ಎಂದು ಡೀಫಾಲ್ಟ್ ಸರ್ವರ್ ಅನ್ನುವ ಗುರುತು ಹಾಕಿಯೂ ಹೇಳಬಹುದು.

ಸರ್ವರ್ ನಿಮ್ಮದೇ ಆಗಿದ್ದರೆ: ಡಾಕ್ಯುಮೆಂಟ್ ರೂಟ್ ಬದಲಿಸಿ

ವಿಪಿಎಸ್ (ಪೂರ್ತಿ ನಿಮ್ಮ ಹಿಡಿತದ ಬಾಡಿಗೆ ಸರ್ವರ್) ತೆಗೆದುಕೊಂಡಿದ್ದೀರಿ, ಅಥವಾ ಕಾಲೇಜಿನ ಲ್ಯಾಬಿನಲ್ಲೇ ಸರ್ವರ್ ಇದೆ ಅಂದರೆ ಬೇರೆ ದಾರಿ ಯೋಚಿಸಲೇಬೇಡಿ. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಸ್ವಚ್ಛ ದಾರಿ. ಫೈಲ್‌ಗಳು ಇದ್ದಲ್ಲೇ ಇರುತ್ತವೆ. "ಈ ಡೊಮೇನ್ ಕೇಳಿದರೆ ಈ ಫೋಲ್ಡರ್ ತೆರೆ" ಎಂದು ಸರ್ವರ್‌ಗೆ ಒಂದು ಸಾಲಿನಲ್ಲಿ ಹೇಳುತ್ತೀರಿ. ನಾಳೆ ಬರುವವರು ಸೆಟ್ಟಿಂಗ್ ಫೈಲ್ ತೆರೆದ ಕೂಡಲೇ ಅದು ಕಣ್ಣಿಗೆ ಬೀಳುತ್ತದೆ.

ಅಪಾಚೆಯಲ್ಲಿ ವರ್ಚುವಲ್ ಹೋಸ್ಟ್ (ಒಂದೊಂದು ಡೊಮೇನಿನ ಸೆಟ್ಟಿಂಗ್) ಫೈಲ್‌ನಲ್ಲಿ ಮೂರು ಸಾಲು ಮುಖ್ಯ. ಸರ್ವರ್‌ನೇಮ್ ಸಾಲಿನಲ್ಲಿ ಬರೀ ಡೊಮೇನ್, ಸರ್ವರ್‌ಅಲಿಯಾಸ್‌ನಲ್ಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಸಹಿತ ಹೆಸರು, ಡಾಕ್ಯುಮೆಂಟ್‌ರೂಟ್‌ನಲ್ಲಿ ಸೈಟ್ ಇರುವ ಫೋಲ್ಡರ್. ಉಬುಂಟುವಿನಲ್ಲಿ ಮೂಲತಃ ಇದು ವರ್ ಒಳಗಿನ ಡಬ್ಲ್ಯೂಡಬ್ಲ್ಯೂಡಬ್ಲ್ಯೂ, ಅದರೊಳಗಿನ ಎಚ್‌ಟಿಎಮ್‌ಎಲ್ ಫೋಲ್ಡರ್‌ಗೆ (/var/www/html) ತೋರಿಸುತ್ತಿರುತ್ತದೆ. ಅದಕ್ಕೇ ಡೊಮೇನ್ ಬರೆದಾಗ ಅಪಾಚೆಯ ಸ್ವಾಗತ ಪುಟ ಬರುವುದು.

ಇಲ್ಲಿ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಒಂದಿದೆ. ಉಚಿತ ಎಸ್‌ಎಸ್‌ಎಲ್‌ಗೆ (ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟಿಗೆ) ಸರ್ಟ್‌ಬಾಟ್ ಅನ್ನುವ ಸಾಧನ ಓಡಿಸಿದ್ದರೆ ಅದು ಅಪಾಚೆಯಲ್ಲಿ ಎಚ್‌ಟಿಟಿಪಿಎಸ್‌ಗಾಗಿ ಇನ್ನೊಂದು ಫೈಲ್ ಮಾಡಿರುತ್ತದೆ. ಒಂದು ಫೈಲ್ 80ನೇ ಪೋರ್ಟಿಗೆ, ಇನ್ನೊಂದು 443ಕ್ಕೆ. ನೀವು ಮೊದಲನೆಯದನ್ನು ಮಾತ್ರ ತಿದ್ದಿದರೆ ಬ್ರೌಸರ್ ಎಚ್‌ಟಿಟಿಪಿಎಸ್‌ನಲ್ಲಿ ಹಳೆಯ ಪುಟವನ್ನೇ ತೋರಿಸುತ್ತಿರುತ್ತದೆ. "ಎಷ್ಟು ಬದಲಿಸಿದರೂ ಏನೂ ಆಗುತ್ತಿಲ್ಲ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಈ ಎರಡನೇ ಫೈಲನ್ನೇ.

ಮುಂದಿನ ಅಡ್ಡಿ 403 ಎಂಬ ದೋಷ ಸಂಖ್ಯೆ. ಅಂದರೆ ಫೋಲ್ಡರ್ ಸಿಕ್ಕಿದೆ, ಒಳಗೆ ಬಿಡುತ್ತಿಲ್ಲ. ಅಪಾಚೆ 2.4ರಲ್ಲಿ ಹೊಸ ಜಾಗದ ಫೋಲ್ಡರ್‌ಗೆ "ರಿಕ್ವೈರ್ ಆಲ್ ಗ್ರಾಂಟೆಡ್" ಎಂದು ಹೇಳಬೇಕು. ಹಳೆಯ 2.2ರ ಕಾಲದ ಸಾಲುಗಳನ್ನು ಎಲ್ಲಿಂದಲೋ ನಕಲು ಮಾಡಿ ಹಾಕಬೇಡಿ. ಇನ್ನೊಂದು ಕಾರಣವೂ ಇರುತ್ತದೆ. ಸೈಟ್ ಯಾರದೋ ಹೋಮ್ ಫೋಲ್ಡರ್ ಒಳಗಿದ್ದರೆ, ಉಬುಂಟು 21.04ರಿಂದ ಈಚೆಗೆ ಹೊಸದಾಗಿ ಮಾಡಿದ ಹೋಮ್ ಫೋಲ್ಡರ್‌ನ ಅನುಮತಿ 750 (ಮಾಲೀಕ ಮತ್ತು ಅವನ ಗುಂಪಿಗೆ ಮಾತ್ರ) ಇರುತ್ತದೆ, ಸರ್ವರ್ ಅದನ್ನು ದಾಟಿ ಒಳಗೆ ಹೋಗಲಾರದು. ಒಳಗಿನ ಫೈಲ್‌ಗೆ ಎಷ್ಟೇ ಅನುಮತಿ ಕೊಟ್ಟರೂ ಮೇಲಿನ ಫೋಲ್ಡರ್ ದಾಟಲು ಬಿಡದಿದ್ದರೆ ಉಪಯೋಗವಿಲ್ಲ. ಸಿಟ್ಟಿಗೆ ಎಲ್ಲದಕ್ಕೂ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಡುವವರಿದ್ದಾರೆ. ದಯವಿಟ್ಟು ಬೇಡ. ಸೈಟನ್ನು ವರ್ ಒಳಗಿನ ಜಾಗಕ್ಕೆ ಒಯ್ಯಿರಿ. ರೆಡ್‌ಹ್ಯಾಟ್ ಬಳಗದ ಲಿನಕ್ಸ್ ಆದರೆ ಎಸ್‌ಇಲಿನಕ್ಸ್ (ಅಲ್ಲಿನ ಹೆಚ್ಚುವರಿ ಭದ್ರತಾ ವ್ಯವಸ್ಥೆ) ಗುರುತನ್ನೂ ಸರಿಮಾಡಬೇಕು. ಗೊತ್ತಿರುವ ಜಾಗದಲ್ಲೇ ಇಟ್ಟಿದ್ದರೆ ರಿಸ್ಟೋರ್‌ಕಾನ್ ಆಜ್ಞೆ ಸಾಕು.

ಎಂಜಿನ್‌ಎಕ್ಸ್‌ನಲ್ಲಿ ಇದೇ ಕೆಲಸವನ್ನು ರೂಟ್ ಅನ್ನುವ ಸಾಲು ಮಾಡುತ್ತದೆ. ಆದರೆ ಎಂಜಿನ್‌ಎಕ್ಸ್ ಎಚ್‌ಟಿಆಕ್ಸೆಸ್ (ಫೋಲ್ಡರ್ ಒಳಗೇ ಇಡುವ ಅಪಾಚೆ ಸೆಟ್ಟಿಂಗ್) ಫೈಲನ್ನು ಓದುವುದೇ ಇಲ್ಲ. ಅಪಾಚೆಯಿಂದ ಇಲ್ಲಿಗೆ ಬಂದ ವರ್ಡ್‌ಪ್ರೆಸ್ ಸೈಟಿನಲ್ಲಿ ಮುಖಪುಟ ಮಾತ್ರ ತೆರೆದು ಒಳಗಿನ ಪುಟಗಳೆಲ್ಲ 404 (ಪುಟ ಸಿಗಲಿಲ್ಲ) ತೋರಿಸುವುದು ಇದೇ ಕಾರಣಕ್ಕೆ. ಟ್ರೈಫೈಲ್ಸ್ ಸಾಲು ಹಾಕಿ, "ಕೇಳಿದ ಫೈಲ್ ಇದ್ದರೆ ಕೊಡು, ಇಲ್ಲದಿದ್ದರೆ ಇಂಡೆಕ್ಸ್ ಪಿಎಚ್‌ಪಿಗೆ ಒಪ್ಪಿಸು" ಎಂದು ಹೇಳಬೇಕು.

ಲಾರಾವೆಲ್ ಎಂಬ ಪಿಎಚ್‌ಪಿ ಚೌಕಟ್ಟಿನಲ್ಲಿ ಮಾಡಿದ ಸೈಟ್ ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಡಾಕ್ಯುಮೆಂಟ್ ರೂಟ್ ಪಬ್ಲಿಕ್ ಅನ್ನುವ ಒಳ ಫೋಲ್ಡರ್‌ಗೇ ಇರಬೇಕು. ಇಡೀ ಪ್ರಾಜೆಕ್ಟ್ ಫೋಲ್ಡರ್‌ಗೆ ತೋರಿಸಿದರೆ ಡೇಟಾಬೇಸ್ ಪಾಸ್‌ವರ್ಡ್ ಇರುವ ಎನ್ವ್ ಫೈಲನ್ನು ಊರವರೆಲ್ಲ ಬ್ರೌಸರ್‌ನಲ್ಲೇ ಓದುವಂತಾಗಬಹುದು. ಇದು ಬರೀ ಅಂದಚೆಂದದ ಪ್ರಶ್ನೆಯಲ್ಲ.

ಬದಲಾವಣೆ ಮಾಡಿದ ಮೇಲೆ ಸರ್ವರನ್ನು ನೇರ ರೀಸ್ಟಾರ್ಟ್ ಮಾಡಬೇಡಿ. ಅಪಾಚೆಯ ಕಾನ್ಫಿಗ್‌ಟೆಸ್ಟ್, ಎಂಜಿನ್‌ಎಕ್ಸ್‌ನ ಟೆಸ್ಟ್ ಆಜ್ಞೆ ಮೊದಲು ಓಡಿಸಿ. ಸರಿ ಅಂದ ಮೇಲೆ ರೀಲೋಡ್ ಮಾಡಿ. ಅದೇ ಸರ್ವರ್‌ನಲ್ಲಿ ಇನ್ನೊಬ್ಬರ ಸೈಟೂ ಇರಬಹುದು, ನಿಮ್ಮ ಒಂದು ಅರ್ಧವಿರಾಮದ ತಪ್ಪಿಗೆ ಅದೂ ನಿಲ್ಲಬಾರದು, ಅಲ್ವಾ?

ಶೇರ್ಡ್ ಹೋಸ್ಟಿಂಗ್ ಆದರೆ: ಫೈಲ್ ಸರಿಸುವುದೋ, ಎರಡು ವಿಳಾಸವೋ

ಚಿಕ್ಕ ಅಂಗಡಿಗಳ ಸೈಟ್ ಇರುವುದು ಸಾಮಾನ್ಯವಾಗಿ ಒಂದೇ ಸರ್ವರನ್ನು ಹಲವರು ಹಂಚಿಕೊಂಡು ವರ್ಷಕ್ಕೆ ಇಷ್ಟು ಅಂತ ಕಟ್ಟುವ ಶೇರ್ಡ್ ಹೋಸ್ಟಿಂಗ್‌ನಲ್ಲಿ. ಸಿಪ್ಯಾನೆಲ್ ಎಂಬ ನಿಯಂತ್ರಣ ಪುಟ ಸಿಗುತ್ತದೆ, ಸರ್ವರ್‌ನ ಮೂಲ ಸೆಟ್ಟಿಂಗ್ ಸಿಗುವುದಿಲ್ಲ. ಆಮೇಲೆ ಸೇರಿಸಿದ ಡೊಮೇನ್ ಆದರೆ ಅದರ ಫೋಲ್ಡರನ್ನು ಪ್ಯಾನೆಲ್‌ನಲ್ಲೇ ಬದಲಿಸಬಹುದು, ಹಾಗೆ ಸಾಧ್ಯವಿದ್ದರೆ ಅದನ್ನೇ ಮಾಡಿ. ಖಾತೆಯ ಮೊದಲ ಡೊಮೇನ್ ಮಾತ್ರ ಸಾಮಾನ್ಯವಾಗಿ ಪಬ್ಲಿಕ್ ಎಚ್‌ಟಿಎಮ್‌ಎಲ್ ಫೋಲ್ಡರ್‌ಗೇ ಅಂಟಿಕೊಂಡಿರುತ್ತದೆ.

ಬರೀ ಎಚ್‌ಟಿಎಮ್‌ಎಲ್ ಸೈಟ್ ಆದರೆ ಯೋಚನೆ ಬೇಡ, ಫೈಲ್‌ಗಳನ್ನು ಮೇಲಿನ ಫೋಲ್ಡರ್‌ಗೆ ಸರಿಸಿಬಿಡಿ. ಸರಿಸುವಾಗ ಅಡಗಿರುವ ಫೈಲ್‌ಗಳನ್ನು ತೋರಿಸುವ ಆಯ್ಕೆ ಹಾಕಿಕೊಳ್ಳಿ, ಇಲ್ಲದಿದ್ದರೆ ಎಚ್‌ಟಿಆಕ್ಸೆಸ್ ಹಿಂದೆಯೇ ಉಳಿಯುತ್ತದೆ. ರಿಯಾಕ್ಟ್‌ನಂಥದ್ದರಲ್ಲಿ ಮಾಡಿದ್ದರೆ ಸರಿಸಿದ ಮೇಲೆ ಬಿಳಿ ಪುಟ ಬರಬಹುದು. ಬಿಲ್ಡ್ ಮಾಡುವಾಗ ಹಳೆಯ ಫೋಲ್ಡರ್ ಹೆಸರು ಒಳಗೆ ಸೇರಿರುತ್ತದೆ, ವೀಟ್‌ನಲ್ಲಿ ಅದು ಬೇಸ್ ಅನ್ನುವ ಸೆಟ್ಟಿಂಗ್. ಅದನ್ನು ತಿದ್ದಿ ಮತ್ತೆ ಬಿಲ್ಡ್ ಮಾಡಬೇಕು.

ವರ್ಡ್‌ಪ್ರೆಸ್‌ಗೆ ಎರಡು ದಾರಿ ಇವೆ. ಇವುಗಳಲ್ಲಿ ಯಾವುದು ಎಂದು ನಿಜವಾಗಿಯೂ ಯೋಚಿಸಬೇಕು.

ಒಂದು, ಎಲ್ಲವನ್ನೂ ಮೇಲಕ್ಕೆ ಸರಿಸುವುದು. ಆಗ ಡೇಟಾಬೇಸ್‌ನಲ್ಲಿ ಹಳೆಯ ವಿಳಾಸ ಬರೆದಿರುವ ಎಲ್ಲ ಕಡೆಯೂ ಹೊಸದು ಹಾಕಬೇಕು. ಪಿಎಚ್‌ಪಿಮೈಅಡ್ಮಿನ್ (ಡೇಟಾಬೇಸ್ ನೋಡುವ ಸಾಧನ) ತೆರೆದು ಹುಡುಕಿ ಬದಲಿಸಿದರೆ ಆಯಿತು ಅಂತ ಕಾಣುತ್ತದೆ, ಆಗುವುದಿಲ್ಲ. ಪ್ಲಗಿನ್‌ಗಳು, ಥೀಮ್‌ಗಳು ತಮ್ಮ ಕೆಲವು ಸೆಟ್ಟಿಂಗ್‌ಗಳನ್ನು ಸೀರಿಯಲೈಸ್ ಮಾಡಿ ಇಟ್ಟಿರುತ್ತವೆ. ಅಲ್ಲಿ ಪ್ರತಿ ಪದದ ಜೊತೆ ಅದು ಎಷ್ಟು ಅಕ್ಷರ ಉದ್ದ ಎಂದೂ ಬರೆದಿರುತ್ತದೆ. ವಿಳಾಸ ಚಿಕ್ಕದಾಯಿತು, ಬರೆದಿಟ್ಟ ಅಳತೆ ಹಾಗೇ ಉಳಿಯಿತು ಅಂದರೆ ಆ ಸೆಟ್ಟಿಂಗ್ ಓದಲು ಬಾರದಂತಾಗುತ್ತದೆ. ವಿಜೆಟ್, ಮೆನು ಮಾಯವಾಗುವುದು ಹೀಗೆ. ಡಬ್ಲ್ಯೂಪಿ ಸಿಎಲ್‌ಐ ಎಂಬ ವರ್ಡ್‌ಪ್ರೆಸ್ ಸಾಧನದ ಸರ್ಚ್ ರಿಪ್ಲೇಸ್ ಆಜ್ಞೆ ಅಳತೆಯನ್ನೂ ಸೇರಿಸಿ ತಿದ್ದುತ್ತದೆ. ಅದನ್ನೇ ಬಳಸಿ, ಅದಕ್ಕೂ ಮೊದಲು ಬ್ಯಾಕಪ್ ತೆಗೆದಿಡಿ.

ಎರಡು, ವರ್ಡ್‌ಪ್ರೆಸ್ ಫೋಲ್ಡರ್‌ನಲ್ಲೇ ಇರಲಿ, ವಿಳಾಸ ಮಾತ್ರ ಬೇರು ಡೊಮೇನ್ (ಹಿಂದೆ ಮುಂದೆ ಏನೂ ಇಲ್ಲದ ಬರೀ ಡೊಮೇನ್) ಆಗಲಿ ಎನ್ನುವುದು. ಜನರಲ್ ಸೆಟ್ಟಿಂಗ್ಸ್‌ನಲ್ಲಿ ಎರಡು ಸಾಲು ಇರುತ್ತವೆ. ವರ್ಡ್‌ಪ್ರೆಸ್ ಅಡ್ರೆಸ್ ಅನ್ನುವುದು ಫೋಲ್ಡರ್ ಸಹಿತ ಹಾಗೇ ಇರಲಿ. ಸೈಟ್ ಅಡ್ರೆಸ್‌ನಲ್ಲಿ ಬರೀ ಡೊಮೇನ್ ಹಾಕಿ. ಆಮೇಲೆ ಇಂಡೆಕ್ಸ್ ಪಿಎಚ್‌ಪಿ ಮತ್ತು ಎಚ್‌ಟಿಆಕ್ಸೆಸ್ ಈ ಎರಡನ್ನೂ ಮೇಲಿನ ಫೋಲ್ಡರ್‌ಗೆ ನಕಲು ಮಾಡಿ. ಅಲ್ಲಿನ ಇಂಡೆಕ್ಸ್ ಫೈಲ್‌ನಲ್ಲಿ ಬ್ಲಾಗ್ ಹೆಡರ್ ಫೈಲನ್ನು ಕರೆಯುವ ಸಾಲಿಗೆ ಫೋಲ್ಡರ್ ಹೆಸರು ಸೇರಿಸಿ. ಕೊನೆಗೆ ಪರ್ಮಾಲಿಂಕ್ ಪುಟಕ್ಕೆ ಹೋಗಿ ಒಮ್ಮೆ ಸೇವ್ ಒತ್ತಿ. ಗಿರಾಕಿಗೆ ಚಿಕ್ಕ ವಿಳಾಸ ಕಾಣುತ್ತದೆ, ಅಡ್ಮಿನ್ ಲಾಗಿನ್ ಮಾತ್ರ ಹಳೆಯ ಫೋಲ್ಡರ್‌ನಲ್ಲೇ ಉಳಿಯುತ್ತದೆ.

ವರ್ಷಗಟ್ಟಲೆ ನಡೆದ, ಫೋಟೊ ತುಂಬಿದ ಸೈಟ್ ಆದರೆ ನಾನು ಎರಡನೆಯದನ್ನು ಹೇಳುತ್ತೇನೆ. ಇದು ವರ್ಡ್‌ಪ್ರೆಸ್‌ನವರೇ ವಿವರಿಸಿರುವ ವಿಧಾನ, ಫೈಲ್ ಒಂದೂ ಜಾಗ ಬಿಡುವುದಿಲ್ಲ, ಬೇಡವಾದರೆ ಹಿಂದಕ್ಕೆ ಬರಬಹುದು. ಹೊಸ ಸೈಟ್, ಹತ್ತಿಪ್ಪತ್ತು ಪುಟ ಅಂದರೆ ಮೇಲಕ್ಕೆ ಸರಿಸುವುದೇ ವಾಸಿ, ಮುಂದೆ ಗೊಂದಲ ಕಮ್ಮಿ. ವಿಳಾಸ ಬದಲಿಸುವಾಗ ಅಡ್ಮಿನ್‌ನಿಂದ ಹೊರಗೆ ಬಿದ್ದರೆ ಹೆದರಬೇಡಿ. ಡಬ್ಲ್ಯೂಪಿ ಕಾನ್ಫಿಗ್ ಫೈಲ್‌ನಲ್ಲಿ ಡಬ್ಲ್ಯೂಪಿ ಹೋಮ್, ಡಬ್ಲ್ಯೂಪಿ ಸೈಟ್‌ಯುಆರ್‌ಎಲ್ ಎಂಬ ಎರಡು ಸಾಲು ಸೇರಿಸಿ ಒಳಗೆ ಬರಬಹುದು.

ಎಚ್‌ಟಿಆಕ್ಸೆಸ್ ರೀರೈಟ್, ಮತ್ತು ಬರೀ ರೀಡೈರೆಕ್ಟ್

ಫೈಲ್ ಮುಟ್ಟದೆ, ಬಂದವರನ್ನು ಒಳಗಿಂದೊಳಗೇ ಫೋಲ್ಡರ್‌ಗೆ ಕಳಿಸುವ ರೀರೈಟ್ ನಿಯಮವನ್ನು ಎಚ್‌ಟಿಆಕ್ಸೆಸ್‌ನಲ್ಲಿ ಬರೆಯಬಹುದು. ಕೆಲಸ ಮಾಡುತ್ತದೆ. ಆದರೆ ಆರು ತಿಂಗಳ ಮೇಲೆ ಬಂದು ನೋಡುವವರಿಗೆ ಇದು ಕಾಣುವುದಿಲ್ಲ. ನಿಯಮದಲ್ಲಿ ಒಂದು ಷರತ್ತು ಬಿಟ್ಟುಹೋದರೆ ಸರ್ವರ್ ತನ್ನನ್ನೇ ತಾನು ಸುತ್ತಿ 500 (ಸರ್ವರ್ ದೋಷ) ತೋರಿಸುತ್ತದೆ. ಅಪಾಚೆ ಪ್ರತಿ ಸಲವೂ ಪ್ರತಿ ಫೋಲ್ಡರ್‌ನಲ್ಲಿ ಈ ಫೈಲ್ ಹುಡುಕಬೇಕಾಗುತ್ತದೆ. ಮುಖ್ಯ ಸೆಟ್ಟಿಂಗ್ ಕೈಯಲ್ಲಿದ್ದವರು ಇದನ್ನು ಬಳಸಬೇಡಿ ಎಂದು ಅಪಾಚೆಯ ಕೈಪಿಡಿಯೇ ಹೇಳುತ್ತದೆ. ಬೇರೆ ಏನೂ ಆಗದ ಶೇರ್ಡ್ ಹೋಸ್ಟಿಂಗ್‌ಗೆ ಮಾತ್ರ ಇರಲಿ.

ರೀಡೈರೆಕ್ಟ್ ಅಂದರೆ ಡೊಮೇನ್ ಬರೆದವರನ್ನು ಉದ್ದ ವಿಳಾಸಕ್ಕೆ ನೂಕುವುದು. ಒಂದು ನಿಮಿಷದ ಕೆಲಸ. ನಿಮ್ಮ ತೊಂದರೆ ಮಾತ್ರ ಹಾಗೇ ಇರುತ್ತದೆ, ವಿಳಾಸ ಪಟ್ಟಿಯಲ್ಲಿ ಫೋಲ್ಡರ್ ಹೆಸರು ಕಾಣುತ್ತಲೇ ಇರುತ್ತದೆ. ಪ್ಯಾಕೆಟ್ ನಾಳೆಯೇ ಅಚ್ಚಿಗೆ ಹೋಗುತ್ತಿದೆ ಅಂದರೆ ತಾತ್ಕಾಲಿಕವಾಗಿ ಮಾಡಿ, ಆಗ 302 (ತಾತ್ಕಾಲಿಕ ರೀಡೈರೆಕ್ಟ್) ಬಳಸಿ. 301 (ಖಾಯಂ ರೀಡೈರೆಕ್ಟ್) ಕೊಟ್ಟರೆ ಬ್ರೌಸರ್‌ಗಳು ಅದನ್ನು ನೆನಪಿಟ್ಟುಕೊಂಡುಬಿಡುತ್ತವೆ. ನೀವು ಆಮೇಲೆ ಸರಿಮಾಡಿದರೂ ಹಳೆಯ ಗಿರಾಕಿ ಹಳೆಯ ಜಾಗಕ್ಕೇ ಹೋಗುತ್ತಿರುತ್ತಾನೆ.

301 ತನ್ನ ಜಾಗದಲ್ಲಿ ಬಹಳ ಒಳ್ಳೆಯದು. ನಮ್ಮ ಊರಿನ ಹೆಸರು 2014ರ ನವೆಂಬರ್ 1ರಂದು ಗುಲ್ಬರ್ಗಾದಿಂದ ಕಲಬುರಗಿ ಆಯಿತು. ಹಳೆಯ ಹೆಸರಿನ ಡೊಮೇನ್ ಇಟ್ಟುಕೊಂಡು ಹೊಸದನ್ನೂ ತೆಗೆದುಕೊಂಡವರಿಗೆ 301 ಬೇಕೇ ಬೇಕು. ಅಲ್ಲಿ ಎಲ್ಲರನ್ನೂ ಮುಖಪುಟಕ್ಕೆ ತಂದು ಬಿಡಬೇಡಿ. ಹಳೆಯ ಪುಟ ಕೇಳಿದವರಿಗೆ ಹೊಸ ಡೊಮೇನಿನ ಅದೇ ಪುಟ ಸಿಗಲಿ. ಎಂಜಿನ್‌ಎಕ್ಸ್‌ನಲ್ಲಿ ರಿಟರ್ನ್ 301ರ ಜೊತೆ ಕೇಳಿದ ದಾರಿಯನ್ನೂ ಸೇರಿಸಿದರೆ ಒಂದೇ ಸಾಲಿಗೆ ಮುಗಿಯುತ್ತದೆ. ಹಳೆಯ ಡೊಮೇನನ್ನು ಬಿಟ್ಟುಕೊಡಬೇಡಿ, ಬೇರೆಯವರು ಕೊಂಡರೆ ನಿಮ್ಮ ಹಳೆಯ ಲಿಂಕುಗಳೆಲ್ಲ ಅವರಿಗೆ ಹೋಗುತ್ತವೆ.

ಜಾವಾ, ನೋಡ್, ಜಾಂಗೊ ಆದರೆ

ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟುಗಳು ಟಾಮ್‌ಕ್ಯಾಟ್ ಎಂಬ ಜಾವಾ ಸರ್ವರ್‌ನಲ್ಲಿದ್ದರೆ ಒಂದು ಸುಲಭ ಉಪಾಯವಿದೆ. ಟಾಮ್‌ಕ್ಯಾಟ್ ವಾರ್ ಫೈಲಿನ ಹೆಸರನ್ನೇ ವಿಳಾಸ ಮಾಡುತ್ತದೆ. ಲೈಬ್ರರಿ ಎಂಬ ಫೈಲ್ ಹಾಕಿದರೆ ಸೈಟ್ ಓರೆ ಗೆರೆ ಲೈಬ್ರರಿಯಲ್ಲಿ ತೆರೆಯುತ್ತದೆ. ಫೈಲಿಗೆ ರೂಟ್ ಎಂದು, ಪೂರ್ತಿ ದೊಡ್ಡ ಅಕ್ಷರದಲ್ಲಿ, ಹೆಸರಿಟ್ಟರೆ ನೇರ ಡೊಮೇನಿನಲ್ಲೇ ತೆರೆಯುತ್ತದೆ. ಮೊದಲೇ ಇರುವ ಅದೇ ಹೆಸರಿನ ಫೋಲ್ಡರನ್ನು ತೆಗೆದಿರಬೇಕು.

ಉಳಿದಂತೆ ಇವೆಲ್ಲ 3000, 8000, 8080 ಇಂಥ ಪೋರ್ಟುಗಳಲ್ಲಿ ಓಡುತ್ತವೆ. ಮುಂದೆ ಎಂಜಿನ್‌ಎಕ್ಸ್ ಇಟ್ಟು ಪ್ರಾಕ್ಸಿಪಾಸ್ (ಬಂದ ಕೋರಿಕೆಯನ್ನು ಆ ಪೋರ್ಟಿಗೆ ದಾಟಿಸುವ ಸಾಲು) ಹಾಕುವುದೇ ಸರಿ. ಆ್ಯಪ್‌ನ್ನು ನೇರ 80ರಲ್ಲಿ ಓಡಿಸಲು ರೂಟ್ ಬಳಕೆದಾರನ ಅಧಿಕಾರ ಕೊಡುವುದು ಅಪಾಯ. ಪ್ರಾಕ್ಸಿ ಮಾಡುವಾಗ ಹೋಸ್ಟ್ ಹೆಸರನ್ನೂ, ಬಂದವರು ಎಚ್‌ಟಿಟಿಪಿಎಸ್‌ನಲ್ಲಿದ್ದಾರೆ ಅನ್ನುವುದನ್ನೂ ಆ್ಯಪ್‌ಗೆ ದಾಟಿಸಿ. ದಾಟಿಸದಿದ್ದರೆ ಆ್ಯಪ್ ಮತ್ತೆ ಮತ್ತೆ ಎಚ್‌ಟಿಟಿಪಿಎಸ್‌ಗೆ ಕಳಿಸುತ್ತ ಸೈಟ್ ಸುತ್ತುತ್ತಲೇ ಇರುತ್ತದೆ.

ಡಿಎನ್‌ಎಸ್ ಕಡೆ ಎರಡು ಆಯ್ಕೆ

ಬೇರು ಡೊಮೇನಿಗೆ ಸಿನೇಮ್ ರೆಕಾರ್ಡ್ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತೋರಿಸುವುದು) ಹಾಕಲು ಬರುವುದಿಲ್ಲ. 1987ರ ಆರ್‌ಎಫ್‌ಸಿ 1034 ಎಂಬ ಇಂಟರ್ನೆಟ್ ನಿಯಮಪತ್ರದ ಪ್ರಕಾರ ಸಿನೇಮ್ ಇರುವ ಹೆಸರಿಗೆ ಬೇರೆ ರೆಕಾರ್ಡ್ ಇರುವಂತಿಲ್ಲ. ಬೇರಿನಲ್ಲಿ ಡಿಎನ್‌ಎಸ್ ನಡೆಯಲು ಬೇಕಾದ ಎನ್‌ಎಸ್, ಎಸ್‌ಒಎ ರೆಕಾರ್ಡ್‌ಗಳು ಇರಲೇಬೇಕು, ಇಮೇಲ್ ಇದ್ದರೆ ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ಕೂಡ ಇರುತ್ತದೆ. ಆದ್ದರಿಂದ ಸರ್ವರ್‌ಗೆ ಖಾಯಂ ಐಪಿ ಇದ್ದರೆ ಬೇರು ಡೊಮೇನನ್ನು ಸೂಚಿಸುವ @ ಗುರುತಿನ ಮುಂದೆ ಎ ರೆಕಾರ್ಡ್ (ಹೆಸರನ್ನು ಐಪಿಗೆ ತೋರಿಸುವುದು) ಹಾಕಿ, ಮುಗಿಯಿತು. ಗಿಟ್‌ಹಬ್ ಪೇಜಸ್‌ನಲ್ಲಿ ಲೈಬ್ರರಿಯ ಪುಟವೋ ಸ್ವಂತ ಪರಿಚಯದ ಪುಟವೋ ಇಟ್ಟಿದ್ದರೆ 185.199.108.153ರಿಂದ 185.199.111.153ರವರೆಗೆ, ಚುಕ್ಕಿಗಳ ನಡುವಿನ ಮೂರನೇ ಸಂಖ್ಯೆ ಮಾತ್ರ ಬದಲಾಗುವ ನಾಲ್ಕು ಎ ರೆಕಾರ್ಡ್ ಹಾಕಬೇಕು. ಹೋಸ್ಟಿಂಗ್‌ನವರು ಐಪಿ ಕೊಡದೆ ಬರೀ ಹೆಸರು ಕೊಟ್ಟರೆ, ಅಲಿಯಾಸ್ ರೆಕಾರ್ಡ್ ಅಥವಾ ಸಿನೇಮ್ ಫ್ಲಾಟನಿಂಗ್ (ಆ ಹೆಸರಿನ ಐಪಿಯನ್ನು ತಾನೇ ಹುಡುಕಿ ಹೇಳುವುದು) ಇರುವ ಡಿಎನ್‌ಎಸ್ ಸೇವೆ ಬೇಕು. ಕ್ಲೌಡ್‌ಫ್ಲೇರ್‌ನಲ್ಲಿ ಇದು ಸಿಗುತ್ತದೆ. ನೇಮ್‌ಸರ್ವರ್ ಬದಲಿಸುವಾಗ ಎಂಎಕ್ಸ್ ರೆಕಾರ್ಡ್‌ಗಳನ್ನು ಬರೆದಿಟ್ಟುಕೊಂಡು ಅಲ್ಲಿಯೂ ಹಾಕಿ. ಸೈಟ್ ಬಂತು, ಮೇಲ್ ನಿಂತಿತು ಅಂದರೆ ಸಾಹುಕಾರರಿಗೆ ಅದು ಲಾಭದ ಮಾತಲ್ಲ.

ಕನ್ನಡದಲ್ಲೇ ಡೊಮೇನ್ ತೆಗೆದುಕೊಳ್ಳುವವರಿಗೆ ಒಂದು ಸೂಚನೆ. .ಭಾರತ ಎಂಬ ಕೊನೆ ಕನ್ನಡ ಲಿಪಿಯಲ್ಲೂ ಇದೆ. ಆದರೆ ಸರ್ವರ್ ಸೆಟ್ಟಿಂಗ್‌ನಲ್ಲಿ ಕನ್ನಡ ಅಕ್ಷರ ಬರೆಯಬೇಡಿ. ಎಕ್ಸ್‌ಎನ್ (xn--) ಎಂದು ಶುರುವಾಗುವ ಪ್ಯೂನಿಕೋಡ್, ಅಂದರೆ ಇಂಗ್ಲಿಷ್ ಅಕ್ಷರದ, ರೂಪವನ್ನು ಬರೆಯಿರಿ. ಬ್ರೌಸರ್ ಸರ್ವರ್‌ಗೆ ಕಳಿಸುವುದು ಆ ರೂಪವನ್ನೇ.

ಸರ್ಟಿಫಿಕೇಟ್ ಮಾಡಿಸುವಾಗ ಬರೀ ಡೊಮೇನ್, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಸಹಿತ ಹೆಸರು, ಎರಡನ್ನೂ ಸೇರಿಸಿ. ನಕ್ಷತ್ರ ಗುರುತಿನ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಬೇರು ಡೊಮೇನಿಗೆ ಅನ್ವಯಿಸುವುದಿಲ್ಲ, ಅದನ್ನು ಬೇರೆಯಾಗಿ ಹೆಸರಿಸಬೇಕು. ರೀಡೈರೆಕ್ಟ್ ಮಾತ್ರ ಆಗುವ ಹೆಸರಿಗೂ ಸರ್ಟಿಫಿಕೇಟ್ ಬೇಕು, ಏಕೆಂದರೆ ಬ್ರೌಸರ್ ಮೊದಲು ಅದನ್ನು ನೋಡಿ ಒಪ್ಪಿದ ಮೇಲೆಯೇ ರೀಡೈರೆಕ್ಟ್ ಓದುತ್ತದೆ.

ಕೊಡುವ ಮುನ್ನ

ನಾಲ್ಕು ರೀತಿ ಬರೆದು ನೋಡಿ: ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್, ಎರಡರಲ್ಲೂ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಹಾಕಿ ಮತ್ತು ಬಿಟ್ಟು. ನಾಲ್ಕೂ ಒಂದೇ ವಿಳಾಸಕ್ಕೆ ಬರಬೇಕು. ಬ್ರೌಸರ್‌ನ ನೆನಪಿನ ಗೊಂದಲ ಬೇಡವೆಂದರೆ ಕರ್ಲ್ ಆಜ್ಞೆಯಿಂದ ಹೆಡರ್ (ಪುಟಕ್ಕೆ ಮೊದಲು ಸರ್ವರ್ ಕಳಿಸುವ ವಿವರ) ಮಾತ್ರ ತರಿಸಿ ನೋಡಿ. ಹಳೆಯ ಫೋಲ್ಡರ್ ಸಹಿತ ವಿಳಾಸವನ್ನು ಬಿಡಬೇಡಿ. ವಾಟ್ಸಾಪ್‌ನಲ್ಲಿ ಅದನ್ನು ಕಳಿಸಿದವರಿದ್ದಾರೆ, ಅದು 301ರಿಂದ ಹೊಸ ಪುಟಕ್ಕೆ ಬರಬೇಕು. ಎರಡು ವಿಳಾಸದ ದಾರಿ ಹಿಡಿದವರು ಅಡ್ಮಿನ್, ಲಾಗಿನ್ ಮತ್ತು ಫೋಟೊ, ಥೀಮ್ ಇರುವ ವರ್ಡ್‌ಪ್ರೆಸ್‌ನ ಸ್ವಂತ ಫೈಲ್‌ಗಳು, ಫೋಲ್ಡರ್‌ಗಳನ್ನು ಇದರಿಂದ ಹೊರಗಿಡಿ.

ಡೊಮೇನ್ ಯಾರ ಇಮೇಲ್‌ನಲ್ಲಿ ನೋಂದಣಿಯಾಗಿದೆ ಎಂದೂ ಆಗಲೇ ನೋಡಿ. ಮಾಡಿಕೊಟ್ಟವರ ಇಮೇಲ್ ಇದ್ದರೆ ಅಂಗಡಿಯ ಮಾಲೀಕರದಕ್ಕೆ ಬದಲಿಸಿ. ಯಾವ ಫೈಲ್‌ನಲ್ಲಿ ಯಾವ ಸಾಲು ಬದಲಿಸಿದ್ದೀರಿ, ಸರ್ಟಿಫಿಕೇಟ್ ಹೇಗೆ ನವೀಕರಣವಾಗುತ್ತದೆ, ಡಿಎನ್‌ಎಸ್ ಎಲ್ಲಿದೆ, ಇಷ್ಟನ್ನು ಕನ್ನಡದಲ್ಲಿ ಒಂದು ಪುಟ ಬರೆದು, ಪ್ರಿಂಟ್ ತೆಗೆದು ಅವರ ಕೈಗೆ ಕೊಡಿ.